ಹಾಸನಾಂಬೆ ನೋಡಲು ಬರುವ ನೆಂಟರೇ, ಮಕ್ಕಳ ಮೈ ಬಗ್ಗೆ ಮಾತು ಬೇಡ

ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿಯ ಬಾಗಿಲು ತೆಗೆದರೆ ಹಾಸನದಲ್ಲಿ ನೆಂಟರಿಲ್ಲದ ಮನೆ ಸಿಗುವುದು ಕಷ್ಟ. ಗಂಟೆಗಟ್ಟಲೆ ಕ್ಯೂ ನಿಂತು ದರ್ಶನ ಮುಗಿಸಿ ಬಂದವರು ಇನ್ನೂ ಚಪ್ಪಲಿ ಬಿಟ್ಟಿರುವುದಿಲ್ಲ, ಎಂಟನೇ ಕ್ಲಾಸಿನ ಹುಡುಗಿಗೆ ಶುರು: "ಏನೇ, ಇಷ್ಟು ದಪ್ಪ ಆಗ್ಬಿಟ್ಟಿದೀಯ!" ಅವಳ ಅಣ್ಣನಿಗೆ: "ಏನ್ಲಾ, ಹಂಚಿಕಡ್ಡಿ ಆಗೋಗಿದೀಯ, ನಿಮ್ಮಮ್ಮ ಊಟ ಹಾಕಲ್ವಾ?" ಪ್ರೀತಿಯಿಂದಲೇ ಕೇಳಿದ್ದು, ಅನುಮಾನವಿಲ್ಲ. ನೆಂಟರು ಸಂಜೆ ಬಸ್ಸು ಹತ್ತುತ್ತಾರೆ. ಆ ಮಾತು ಮುಂದಿನ ಹಬ್ಬದವರೆಗೂ ಮನೆಯಲ್ಲೇ ಉಳಿಯುತ್ತದೆ.

ಇದಕ್ಕೆ ಅಪ್ಪ ಅಮ್ಮ ಹುಡುಕಿಕೊಂಡ ಮದ್ದು "ನೀನು ಚೆನ್ನಾಗೇ ಇದೀಯ ಬಿಡು ಪುಟ್ಟಿ" ಅನ್ನುವುದು. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಹನ್ನೊಂದರಿಂದ ಹದಿನೈದರ ಮಕ್ಕಳಿಗೆ ಹೊಗಳಿಕೆಗಿಂತ ಮೈ ಬೆಳೆಯುವ ಲೆಕ್ಕ ಮುಂಚೆಯೇ ಗೊತ್ತಿರುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಮುಂದೆ ಏನಾಗುತ್ತದೆ ಅಂತ ಗೊತ್ತಿದ್ದವರು ಆದಾಗ ಹೆದರುವುದಿಲ್ಲ, ನಾಚುವುದೂ ಕಡಿಮೆ.

ಲೆಕ್ಕ ಹೀಗಿದೆ. ಹೆಣ್ಣುಮಕ್ಕಳಲ್ಲಿ 8ರಿಂದ 13 ವರ್ಷದೊಳಗೆ ಯಾವಾಗ ಬೇಕಾದರೂ ಬದಲಾವಣೆ ಶುರುವಾಗಬಹುದು. ಸಾಮಾನ್ಯವಾಗಿ ಮೊದಲು ಎದೆ ಮೂಡುತ್ತದೆ. ಅದಾಗಿ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು. ಈ ನಡುವೆ ಸೊಂಟ, ತೊಡೆಯಲ್ಲಿ ಕೊಬ್ಬು ಸೇರುತ್ತದೆ, ಸೇರಲೇಬೇಕು. ನೆಂಟರ ಕಣ್ಣಿಗೆ "ದಪ್ಪ" ಅಂತ ಬೀಳುವುದು ಬಹಳ ಸಲ ಇದೇ. ಎತ್ತರ ಅತಿ ವೇಗವಾಗಿ ಏರುವುದು ಮುಟ್ಟಿಗೆ ಸ್ವಲ್ಪ ಮುಂಚೆ, ವರ್ಷಕ್ಕೆ 8 ಸೆಂ.ಮೀ. ಆಸುಪಾಸು. ಮುಟ್ಟಾದ ಮೇಲೆ ಸಾಮಾನ್ಯವಾಗಿ ಇನ್ನು 5ರಿಂದ 7 ಸೆಂ.ಮೀ. ಮಾತ್ರ.

ಗಂಡುಮಕ್ಕಳದು ತಡ. 9ರಿಂದ 14ರೊಳಗೆ ಶುರು, ಎತ್ತರದ ಓಟ 13, 14ಕ್ಕೆ, ವರ್ಷಕ್ಕೆ 9, 10 ಸೆಂ.ಮೀ. ಮೊದಲು ಪಾದ ಮತ್ತು ಕೈ ಬೆಳೆಯುತ್ತವೆ, ಆಮೇಲೆ ಎತ್ತರ, ಮೈ ತುಂಬುವುದು ಕೊನೆಗೆ. ಶೂ ಸೈಜು ಮಾತ್ರ ಏರಿ ಹುಡುಗ ಕಡ್ಡಿಯ ಹಾಗೆ ಕಾಣುವುದು ಅದಕ್ಕೇ. ಇನ್ನೊಂದು ಸಂಗತಿಯನ್ನು ಹುಡುಗರಿಗೆ ಯಾರೂ ಹೇಳುವುದಿಲ್ಲ: ಸರಿಸುಮಾರು ಅರ್ಧದಷ್ಟು ಹುಡುಗರಿಗೆ ಈ ವಯಸ್ಸಿನಲ್ಲಿ ಮೊಲೆತೊಟ್ಟಿನ ಹಿಂದೆ ಚಿಕ್ಕ ಗಂಟಾಗುತ್ತದೆ, ಮುಟ್ಟಿದರೆ ನೋವು. ಹೆಚ್ಚಿನವರಿಗೆ ಆರು ತಿಂಗಳಿಂದ ಎರಡು ವರ್ಷದಲ್ಲಿ ತಾನಾಗಿ ಕರಗುತ್ತದೆ. ಗೊತ್ತಿಲ್ಲದ ಹುಡುಗ ಪಿಟಿ ಪೀರಿಯಡ್ ತಪ್ಪಿಸುತ್ತಾನೆ, ಕೆರೆಗೆ ಈಜಲು ಕರೆದರೆ ಬರುವುದಿಲ್ಲ, ಸೆಕೆಯಲ್ಲೂ ಸ್ವೆಟರ್ ಬಿಚ್ಚುವುದಿಲ್ಲ. ಮನೆಯವರು ಅದಕ್ಕೆ ಕೊಡುವ ಹೆಸರು ಸೋಮಾರಿತನ.

ಹುಡುಗಿಗೆ 8, ಹುಡುಗನಿಗೆ 9 ತುಂಬುವ ಮುಂಚೆಯೇ ಬದಲಾವಣೆ ಕಂಡರೆ, ಅಥವಾ ಹುಡುಗಿಗೆ 13, ಹುಡುಗನಿಗೆ 14 ತುಂಬಿದರೂ ಏನೂ ಕಾಣದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ನಡುವೆ ಇರುವವರನ್ನು ಪಕ್ಕದ ಮನೆ ಮಗುವಿನ ಜೊತೆ ಅಳೆಯಬೇಡಿ. ಒಂದೇ ಬೆಂಚಿನ ಇಬ್ಬರಿಗೆ ಬದಲಾವಣೆ ಶುರುವಾಗುವುದರಲ್ಲಿ ನಾಲ್ಕು ವರ್ಷದ ಅಂತರ ಇರುವುದೂ ಸಹಜವೇ.

ಯೂನಿಫಾರ್ಮಿನ ವಿಷಯಕ್ಕೆ ಬರೋಣ, ಏಕೆಂದರೆ ಜೂನ್ ತಿಂಗಳ ಅರ್ಧ ಅವಮಾನ ಆಗುವುದು ಟೈಲರ್ ಅಂಗಡಿಯಲ್ಲಿ. "ಸೊಂಟ ಮೂವತ್ತೆರಡು!" ಅಂತ ಅಳತೆಯನ್ನು ಬೀದಿಗೆ ಕೇಳುವ ಹಾಗೆ ಕೂಗಿ ಬರೆಸುವ ಪದ್ಧತಿ ಇದೆ. ಚೀಟಿಯಲ್ಲಿ ಬರೆದುಕೊಳ್ಳಿ ಅಂತ ಮೊದಲೇ ಹೇಳಿ, ಅಥವಾ ಮನೆಯಲ್ಲೇ ಟೇಪು ಹಿಡಿದು ಬರೆದು ಕೊಡಿ. ಪ್ಯಾಂಟು, ಲಂಗದ ಕೆಳಗೆ ಎರಡು ಇಂಚು, ಪಕ್ಕದ ಹೊಲಿಗೆಯಲ್ಲಿ ಒಂದು ಇಂಚು ಬಟ್ಟೆ ಹೆಚ್ಚಿಗೆ ಒಳಗೆ ಮಡಚಿ ಹೊಲಿಸಿ. ದಸರಾ ರಜೆಯಲ್ಲಿ ಬಿಚ್ಚಿ ಹೊಲಿದರೆ ಆಯಿತು. ಬಿಗಿಯಾದ ಬಟ್ಟೆ ದಿನಕ್ಕೆ ಎಂಟು ಗಂಟೆ ಮಗುವಿಗೆ "ನೀನು ಜಾಸ್ತಿ ಆದೆ" ಅಂತ ಹೇಳುತ್ತಲೇ ಇರುತ್ತದೆ. ಎದೆ ಮೂಡಿದ ಹುಡುಗಿಗೆ ಒಳಉಡುಪು ಕೇಳುವ ಮುಂಚೆಯೇ ತಂದಿಡಿ. ಬಹಳ ಮಕ್ಕಳು ಕೇಳುವುದೇ ಇಲ್ಲ, ಬೆನ್ನು ಬಗ್ಗಿಸಿ ನಡೆಯಲು ಕಲಿಯುತ್ತಾರೆ.

ಶಾಲೆಗಳಲ್ಲಿ ಆರೋಗ್ಯ ತಪಾಸಣೆಯ ದಿನವೂ ಇದೇ ಕಥೆ. ಸಾಲಾಗಿ ನಿಲ್ಲಿಸಿ, ತೂಕ ನೋಡಿ, ಕೂಗಿ ಬರೆಸುವುದು. ಮಧ್ಯಾಹ್ನದೊಳಗೆ ಆ ಅಂಕಿಯೇ ಅಡ್ಡಹೆಸರು. ತೂಕದ ಯಂತ್ರವನ್ನು ಸ್ಟಾಫ್ ರೂಮಿನೊಳಗೆ ಇಟ್ಟು ಒಬ್ಬೊಬ್ಬರನ್ನೇ ಕರೆದರೆ ಹತ್ತು ನಿಮಿಷ ಹೆಚ್ಚಾಗಬಹುದು, ಅಷ್ಟೇ. ಅಂದ ಹಾಗೆ, ಮೊಬೈಲಿನಲ್ಲಿ ಸಿಗುವ ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಪಟ್ಟಿ ಮಕ್ಕಳಿಗೆ ಹೊಂದುವುದಿಲ್ಲ. ವಯಸ್ಸು, ಗಂಡೋ ಹೆಣ್ಣೋ ನೋಡಿ ಅಳೆಯುವ ಬೇರೆ ಚಾರ್ಟ್ ಇದೆ, ಮಕ್ಕಳ ಡಾಕ್ಟರ ಹತ್ತಿರ ಇರುತ್ತದೆ.

ಚರ್ಮದ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. "ಬೆಳ್ಳಗಾಗೋ ಕ್ರೀಮು" ಅಂತ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ಟ್ಯೂಬಿನ ಮೇಲೆ ಬೆಟಾಮೆಥಸೋನ್, ಕ್ಲೋಬೆಟಸೋಲ್, ಮೊಮೆಟಸೋನ್ ಅಂತ ಇದ್ದರೆ ಡಾಕ್ಟರ್ ಚೀಟಿ ಇಲ್ಲದೆ ಮುಖಕ್ಕೆ ಹಚ್ಚಬೇಡಿ. ಎರಡು ಮೂರು ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತವೆ, ಮೊಡವೆ ಹೆಚ್ಚುತ್ತದೆ, ಹುಡುಗಿಯರ ಮುಖದಲ್ಲಿ ಕೂದಲು ಬರುತ್ತದೆ. ಬಿಟ್ಟರೆ ಉರಿ, ಆದ್ದರಿಂದ ಬಿಡಲೂ ಆಗುವುದಿಲ್ಲ.

ಮೊಡವೆಗೆ ದಿನಕ್ಕೆ ಎರಡೇ ಸಲ ಮುಖ ತೊಳೆದರೆ ಸಾಕು, ಉಜ್ಜಿದಷ್ಟೂ ಕೆಡುತ್ತದೆ. ಹಣೆಯಲ್ಲಿ ಮಾತ್ರ ಮೊಡವೆ ಇದ್ದರೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಹಣೆಗೆ ಇಳಿಯುತ್ತಿದೆಯಾ ನೋಡಿ. ಬೆಂಜಾಯಿಲ್ ಪೆರಾಕ್ಸೈಡ್ 2.5 ಶೇಕಡಾ ಜೆಲ್ ರಾತ್ರಿ ತೆಳುವಾಗಿ ಹಚ್ಚಬಹುದು, ಆದರೆ ಗುಣ ಕಾಣಲು ಆರೆಂಟು ವಾರ ಬೇಕು. ದಿಂಬಿನ ಕವರಿನ ಬಣ್ಣ ಹೋಗುತ್ತದೆ, ಹಳೆಯದು ಹಾಕಿ.

ಕತ್ತಿನ ಹಿಂದೆ ವೆಲ್ವೆಟ್ ತರಹದ ಕಪ್ಪು ಪಟ್ಟಿ ಇದ್ದರೆ ಮಾತ್ರ ದಯವಿಟ್ಟು ತೆಂಗಿನ ನಾರು ಹಾಕಿ ಉಜ್ಜಬೇಡಿ. ಅದು ಕೊಳೆಯಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತಾಗಿರಬಹುದು, ರಕ್ತ ಪರೀಕ್ಷೆ ಬೇಕು. "ಸ್ನಾನ ಮಾಡಲ್ವೇನೇ" ಅಂತ ಬೈಸಿಕೊಂಡು ಬೆಳೆಯುವ ಮಕ್ಕಳು ಎಷ್ಟೋ.

ಸುಸ್ತೂ ಹೀಗೆಯೇ. ರಕ್ತ ಕಡಿಮೆ ಇರುವ ಹುಡುಗಿಯನ್ನು "ಮೈಗಳ್ಳಿ" ಅಂದುಬಿಡುತ್ತೇವೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ ಇದೆ. ಊಟವಾದ ಮೇಲೆ ತೆಗೆದುಕೊಳ್ಳಲಿ, ಅದಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಕಾಫಿ ಟೀ ಬೇಡ (ನಮ್ಮ ಸೀಮೆಯಲ್ಲಿ ಇದೇ ಕಷ್ಟದ ಭಾಗ). ಮಲ ಕಪ್ಪಾಗುವುದು ಸಹಜ ಅಂತ ಮೊದಲೇ ಹೇಳಿಡಿ, ಹೆದರಿ ಮಾತ್ರೆ ಎಸೆಯುತ್ತಾರೆ.

ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ ಕಾಣುವುದು ಕ್ಯಾಮೆರಾದ ದೂರದ ಲೆಕ್ಕ. ಒಂದಡಿ ದೂರದಿಂದ ತೆಗೆದ ಫೋಟೋದಲ್ಲಿ ಮೂಗು ಐದಡಿ ದೂರದ ಫೋಟೋಗಿಂತ ಸುಮಾರು ಶೇಕಡಾ 30 ಅಗಲ ಕಾಣುತ್ತದೆ. ಒಂದು ಭಾನುವಾರ ಎರಡೂ ತೆಗೆದು ಮಕ್ಕಳಿಗೇ ಹೋಲಿಸಲು ಬಿಡಿ, ನಿಮ್ಮ ಭಾಷಣ ಬೇಕಾಗುವುದಿಲ್ಲ. ಬೇಲೂರಿಗೆ ಹೋದರೆ ದರ್ಪಣಸುಂದರಿಯನ್ನೂ ಸರಿಯಾಗಿ ತೋರಿಸಿ. ತುಂಬಿದ ತೊಡೆ, ಅಗಲ ಸೊಂಟ, ಕಪ್ಪು ಕಲ್ಲು. ಕನ್ನಡಿ ಹಿಡಿದು ಆರಾಮಾಗಿ ನಿಂತಿದ್ದಾಳೆ. ಅವಳ ಮುಂದೆ ನಿಂತ ನಮ್ಮ ಮಕ್ಕಳು ಫಿಲ್ಟರ್ ಹಾಕಿಕೊಂಡು ಫೋಟೋ ತೆಗೆಯುತ್ತಾರೆ.

ಎಚ್ಚರಿಕೆ ಬೇಕಾದ ಗುರುತುಗಳೂ ಇವೆ: ತಿಂಡಿ ಬಿಡುವುದು, ಊಟವಾದ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ತೂಕ ಇಳಿಯುತ್ತಲೇ ಹೋಗುವುದು, ಸರಿಯಾಗಿ ಬರುತ್ತಿದ್ದ ಮುಟ್ಟು ಮೂರು ತಿಂಗಳು ನಿಲ್ಲುವುದು, ಹುಡುಗ ಕದ್ದು ಪ್ರೋಟೀನ್ ಪುಡಿ ತರುವುದು. ಇವು ಕಂಡರೆ ಬುದ್ಧಿ ಹೇಳುತ್ತಾ ಕೂರಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ತಾನೇ ಮೈಗೆ ಗಾಯ ಮಾಡಿಕೊಳ್ಳುತ್ತಿದ್ದರೆ, ಸಾಯುವ ಮಾತಾಡಿದರೆ ಅವತ್ತೇ ಆಸ್ಪತ್ರೆ.

ಇನ್ನು ಮನೆಯ ಮಾತು. ಅಮ್ಮಂದಿರು ಸೀರೆ ಉಟ್ಟು ಕನ್ನಡಿ ಮುಂದೆ "ಥೂ, ಹೊಟ್ಟೆ ನೋಡು" ಅಂದುಕೊಳ್ಳುವುದನ್ನು ಹಿಂದೆ ನಿಂತ ಮಗಳು ಪಾಠದ ಹಾಗೆ ಕೇಳಿಸಿಕೊಳ್ಳುತ್ತಾಳೆ. ಹೊಗಳಲೇಬೇಕೆಂದರೆ ಮಾಡಿದ ಕೆಲಸ ಹಿಡಿದು ಹೊಗಳಿ: "ಡೇರಿಗೆ ಹಾಲು ಹಾಕಿ ಲೆಕ್ಕ ಸರಿಯಾಗಿ ಬರೆಸ್ಕೊಂಡು ಬಂದೆ", "ಖೋಖೋದಲ್ಲಿ ಕೊನೇವರೆಗೂ ಓಡಿದೆ". ಈ ಮಾತು ಮುಖದ ಮೇಲೆ ಮೊಡವೆ ಬಂದ ದಿನವೂ ಸುಳ್ಳಾಗುವುದಿಲ್ಲ.

ನೆಂಟರ ಬಾಯಿ ಮುಚ್ಚಿಸಲು ಜಗಳ ಬೇಡ, ಮಾತು ತಿರುಗಿಸಿದರೆ ಸಾಕು. "ಅತ್ತೆ, ಅವಳು ತಾಲ್ಲೂಕು ಕಬಡ್ಡಿಗೆ ಸೆಲೆಕ್ಟ್ ಆದ್ಲು, ಕೇಳಿ ಅವಳನ್ನೇ." ಮಗುವಿನ ಎದುರಿಗೇ ಹೇಳಿ, ನೀವು ಯಾರ ಕಡೆ ಅಂತ ಅದಕ್ಕೆ ಗೊತ್ತಾಗಲಿ. ಅಜ್ಜಿಯರು ಮಾತ್ರ ಇದಕ್ಕೆಲ್ಲ ಬಗ್ಗುವವರಲ್ಲ. ಅವರಿಗೆ ಬೇರೆ ಉಪಾಯ: "ನಿಮ್ಮನ್ನ ಚಿಕ್ಕೋರಿದ್ದಾಗ ಏನಂತ ಆಡಿಕೊಳ್ತಿದ್ರು ಅಜ್ಜಿ?" ಅಂತ ಮೊಮ್ಮಗಳ ಕೈಲೇ ಕೇಳಿಸಿ. ಅರವತ್ತು ವರ್ಷದ ಹಿಂದಿನ ಅಡ್ಡಹೆಸರು, ಇಟ್ಟವರ ಹೆಸರಿನ ಸಮೇತ ನೆನಪಿರುತ್ತದೆ.