ಮಂಟಪದ ದನಿಯೇ ಇಲ್ಲದ ಆ್ಯಪ್

ಮೊನ್ನೆ ಭಾನುವಾರ ಲಂಡನ್ನಿನ ಉದ್ಯಾನವಾದ ಕ್ಲ್ಯಾಪಮ್ ಕಾಮನ್‌ನಲ್ಲಿ, 1890ರಲ್ಲಿ ಕಟ್ಟಿದ, ಗೋಡೆಗಳಿಲ್ಲದೆ ಛಾವಣಿಯಷ್ಟೇ ಇರುವ ವಾದ್ಯಮಂಟಪವಾದ ಬ್ಯಾಂಡ್‌ಸ್ಟ್ಯಾಂಡಿನ ಪಕ್ಕದಲ್ಲಿ ನಿಂತು, ಕಿವಿಯಲ್ಲಿದ್ದ ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿಕೊಂಡೆ. ಹಳೆಯ ಉದ್ಯಾನಗಳ ವಾದ್ಯಮಂಟಪಗಳನ್ನು ಸದ್ದಿನ ಮೂಲಕವೇ ತೋರಿಸಿಕೊಡುತ್ತೇವೆ ಎನ್ನುವ ಆ್ಯಪ್ ಒಂದನ್ನು ಎರಡು ವಾರದಿಂದ ಬಹಳ ಆಸೆಯಿಂದ ಬಳಸುತ್ತಿದ್ದೆ. ಅದರಲ್ಲಿ ಕೇಳಿಸಿದ್ದು ಎಲ್ಲೋ ಮುಚ್ಚಿದ ಸ್ಟುಡಿಯೋದಲ್ಲಿ ಮುದ್ರಿಸಿದ, ಒಂದು ಧೂಳಿನ ಕಣವೂ ಇಲ್ಲದಷ್ಟು ಶುಭ್ರವಾದ, ಸೈನಿಕರ ಹೆಜ್ಜೆಗೆ ಹೊಂದುವ ಮಾರ್ಚ್ ಸಂಗೀತ. ಮಂಟಪದ ಮೆಟ್ಟಿಲ ಮೇಲೆ ನಿಂತರೂ ಅದೇ, ನೂರು ಹೆಜ್ಜೆ ದೂರದ ಮರದ ಕೆಳಗೆ ನಿಂತರೂ ಅದೇ. ಸಂಗೀತವಿದೆ, ಮಂಟಪವಿಲ್ಲ.

ನಾನು ಹನ್ನೊಂದು ವರ್ಷ ಬ್ಯಾಂಡಿನಲ್ಲಿ ಯುಫೋನಿಯಂ, ಅಂದರೆ ಟ್ಯೂಬಾಕ್ಕಿಂತ ಚಿಕ್ಕದಾದ ಹಿತ್ತಾಳೆಯ ಊದುವಾದ್ಯ, ನುಡಿಸಿದವನು. ಈ ಸಿಟ್ಟು ಬಂದದ್ದು ಅಲ್ಲಿಂದ. ಯುಫೋನಿಯಂ ಮತ್ತು ಟ್ಯೂಬಾಗಳ ಬಾಯಿ ಆಕಾಶದ ಕಡೆಗಿರುತ್ತದೆ. ಬಟ್ಟಬಯಲಿನಲ್ಲಿ ಊದಿದರೆ ನಮ್ಮ ಸ್ವರದ ಬಹುಪಾಲು ಮೇಲಕ್ಕೆ ಹೋಗಿಬಿಡುತ್ತದೆ. ತಲೆಯ ಮೇಲೊಂದು ಛಾವಣಿಯಿದ್ದರೆ ಅದು ತಗುಲಿ, ಬಾಗಿ, ಸುತ್ತ ಕುಳಿತವರ ಕಡೆಗೆ ಇಳಿಯುತ್ತದೆ. ಟ್ರಂಪೆಟ್ ಮುಂದಕ್ಕೆ ನುಡಿಯುತ್ತದೆ, ಫ್ರೆಂಚ್ ಹಾರ್ನ್ ಹಿಂದಕ್ಕೆ. ಹೀಗಾಗಿ ಮಂಟಪದ ಯಾವ ಬದಿಯಲ್ಲಿ ಕುಳಿತಿದ್ದೀರಿ ಎಂಬುದರ ಮೇಲೆ ಒಂದೇ ಕೃತಿ ಬೇರೆ ಬೇರೆಯಾಗಿ ಕೇಳುತ್ತದೆ. ಗೋಡೆಗಳಿಲ್ಲದ ಕಾರಣ ಸದ್ದು ಸಭಾಂಗಣದಲ್ಲಿ ನಿಲ್ಲುವಂತೆ ಅಲ್ಲಿ ನಿಲ್ಲುವುದಿಲ್ಲ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತ ಹೋಗುತ್ತದೆ. ಅಂಥ ಛಾವಣಿಯ ಕೆಳಗೆ ಮೊದಲ ಸಲ ಊದಿದಾಗ, ನನ್ನದೇ ಸ್ವರ ನೆತ್ತಿಯ ಮೇಲಿಂದ ಮರಳಿ ಬಂದದ್ದಕ್ಕೆ ನಾನು ಬೆಚ್ಚಿ ಒಂದು ಸಾಲನ್ನೇ ಬಿಟ್ಟಿದ್ದೆ. ಆ ಸಂಜೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಛಾವಣಿಯೂ ನಮ್ಮ ಜೊತೆ ನುಡಿಸುವ ಒಂದು ವಾದ್ಯವೆಂದು ನನಗೆ ತಿಳಿದದ್ದೇ ಅಂದು.

ಆ್ಯಪ್‌ನಲ್ಲಿ ಇತಿಹಾಸಕ್ಕೇನೂ ಕೊರತೆಯಿಲ್ಲ. ಬ್ರಿಟನ್ನಿನ ಮೊದಲ ಬ್ಯಾಂಡ್‌ಸ್ಟ್ಯಾಂಡ್‌ಗಳು 1861ರಲ್ಲಿ ಸೌತ್ ಕೆನ್ಸಿಂಗ್ಟನ್‌ನಲ್ಲಿದ್ದ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ತೋಟದಲ್ಲಿ ಎದ್ದವೆಂದೂ, ಗ್ಲಾಸ್ಗೋದ ಸ್ಯಾರಸೆನ್ ಫೌಂಡ್ರಿಯಂಥ ಕಾರ್ಖಾನೆಗಳು ಎರಕದ ಕಬ್ಬಿಣದ ಮಂಟಪಗಳನ್ನು ಕ್ಯಾಟಲಾಗ್ ನೋಡಿ ಆರಿಸಿಕೊಳ್ಳುವಂತೆ ಮಾರಿದವೆಂದೂ ಇಂಪಾದ ದನಿಯೊಂದು ಹೇಳುತ್ತದೆ. ಇದನ್ನು ಪುಸ್ತಕದಲ್ಲಿಯೂ ಓದಬಹುದು. ಸದ್ದಿನ ಹೆಸರಿನಲ್ಲಿ ಕರೆದವರು ಸದ್ದನ್ನು ತೋರಿಸಬೇಕಿತ್ತು.

ಅಚ್ಚು ಒಂದೇ ಆದರೂ ಪ್ರತಿಯೊಂದು ಮಂಟಪವೂ ಬದುಕಿದ್ದು ಬೇರೆ. ಬೆಕನ್‌ಹ್ಯಾಮ್‌ನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ 1969ರ ಆಗಸ್ಟ್‌ನಲ್ಲಿ ಪಾಪ್ ಗಾಯಕ ಡೇವಿಡ್ ಬೋವಿ ಹಾಡಿದರು. ರೀಜೆಂಟ್ಸ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನ ಕೆಳಗೆ ಐರಿಷ್ ಸಶಸ್ತ್ರ ಸಂಘಟನೆಯಾದ ಐಆರ್‌ಎ ಇಟ್ಟಿದ್ದ ಬಾಂಬ್ 1982ರ ಜುಲೈ 20ರಂದು ಸಿಡಿದು, ಜನ ಕುರ್ಚಿಗಳಲ್ಲಿ ಕುಳಿತು ಕೇಳುತ್ತಿದ್ದಾಗಲೇ ಬ್ರಿಟಿಷ್ ಸೇನೆಯ ರಾಯಲ್ ಗ್ರೀನ್ ಜಾಕೆಟ್ಸ್ ದಳದ ಬ್ಯಾಂಡಿನ 7 ವಾದಕರು ಸತ್ತರು. ಈ ಎರಡಕ್ಕೂ ಆ್ಯಪ್ ಕೇಳಿಸುವುದು ಅದೇ ಮಾರ್ಚ್. ಎರಡನೆಯದನ್ನು ನಾನು ಪೂರ್ತಿ ಕೇಳಲಾರದೆ ನಿಲ್ಲಿಸಿಬಿಟ್ಟೆ. ವಾದಕರು ನುಡಿಸುತ್ತಲೇ ಸತ್ತ ಜಾಗದಲ್ಲಿ ಅರ್ಧ ನಿಮಿಷ ಸುಮ್ಮನಿರಲು ಯಾವ ತಂತ್ರಜ್ಞಾನವೂ ಬೇಕಾಗಿರಲಿಲ್ಲ.

ಗೆಳೆಯನೊಬ್ಬ ಇದಕ್ಕೆ ಎರಡು ಮಾತು ಹೇಳಿದ. ಖಾಲಿ ಬಿದ್ದಿರುವ ಮಂಟಪಗಳ ಕಡೆಗೆ ನಾಲ್ಕು ಜನ ತಿರುಗಿ ನೋಡಿದರೆ ಅದೇ ಲಾಭ ಎಂಬುದು ಒಂದು. ಬಯಲಿನಲ್ಲಿಯೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಆಗುವುದರಿಂದ, ನಾವು ಮಂಟಪದ ಒಳಗಿದ್ದೇವೋ ಹೊರಗಿದ್ದೇವೋ ಅದಕ್ಕೆ ಗೊತ್ತಾಗುವುದಿಲ್ಲ ಎಂಬುದು ಇನ್ನೊಂದು. ಎರಡೂ ನಿಜ, ಆದರೆ ನನಗೆ ಎರಡೂ ನೆಪವಾಗಿಯೇ ಕಾಣುತ್ತವೆ. ನೋಡಲು ಬಂದವರ ಕಿವಿ ಮುಚ್ಚಿ ಕಳುಹಿಸುವುದು ಎಂಥ ಲಾಭ? ಇನ್ನು ಜಿಪಿಎಸ್‌ಗೆ ಗೊತ್ತಾಗದಿದ್ದರೆ, ನೀವು ಎಲ್ಲಿ ನಿಂತಿದ್ದೀರಿ ಎಂದು ಪರದೆಯ ಮೇಲೆ ಮುಟ್ಟಿ ತೋರಿಸಲು ಹೇಳಿದರಾಯಿತು. ಮಂಟಪದೊಳಗೆ ಒಂದು ಬಲೂನು ಒಡೆದು, ಆ ಸದ್ದು ಛಾವಣಿಗೆ ತಗುಲಿ ಬರುವುದನ್ನು ಬೇರೆ ಬೇರೆ ಜಾಗದಿಂದ ಮುದ್ರಿಸಿಕೊಂಡರೆ, ಯಾವ ಸಂಗೀತವನ್ನಾದರೂ ಆ ಮಂಟಪದಲ್ಲಿಯೇ ನುಡಿಸಿದಂತೆ ಕೇಳಿಸಬಹುದು. ಧ್ವನಿಮುದ್ರಣದ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ವಿದ್ಯೆ ಇದು.

ನಾನು ಇಯರ್‌ಫೋನ್ ತೆಗೆದ ಹೊತ್ತಿಗೆ, ಐದಾರು ವರ್ಷದ ಹುಡುಗಿಯೊಬ್ಬಳು ಮೆಟ್ಟಿಲು ಹತ್ತಿ ನಡುವೆ ನಿಂತು "ಹೋ" ಎಂದು ಕೂಗಿದಳು. ತಲೆ ಎತ್ತಿ ಛಾವಣಿ ನೋಡಿದಳು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಕೂಗಿದಳು, ಮತ್ತೆ ತಲೆ ಎತ್ತಿದಳು. ಮೂರನೆಯ ಸಲ ಅಂಚಿನ ಕಂಬದ ಬಳಿ ಹೋಗಿ ಕೂಗಿ, ಇಲ್ಲಿ ಚೆನ್ನಾಗಿಲ್ಲವೆಂಬಂತೆ ನಡುವಿಗೇ ಮರಳಿದಳು. ಎರಡು ವಾರದಲ್ಲಿ ಆ್ಯಪ್ ಕಲಿಸದ್ದನ್ನು ಅವಳು ಒಂದು ನಿಮಿಷದಲ್ಲಿ ಕಂಡುಕೊಂಡಳು.

ಅವಳು ಹೋದ ಮೇಲೆ ನಾನೂ ಮೆಟ್ಟಿಲು ಹತ್ತಿ, ಅವಳು ನಿಂತ ಮೂರು ಜಾಗಗಳಲ್ಲಿ ನಿಂತು ನಾಲ್ಕು ನಾಲ್ಕು ಸಲ ಚಪ್ಪಾಳೆ ತಟ್ಟಿ ಫೋನಿನಲ್ಲಿ ಮುದ್ರಿಸಿಕೊಂಡೆ. ಆ್ಯಪ್ ಮಾಡಿದವರಿಗೆ ನಿನ್ನೆ ರಾತ್ರಿ ದೀರ್ಘವಾದ ಪತ್ರ ಬರೆದು, ಆ ಹನ್ನೆರಡು ಚಪ್ಪಾಳೆಗಳನ್ನೂ ಜೊತೆಗೆ ಕಳುಹಿಸಿದ್ದೇನೆ.