ಸ್ಪಷ್ಟನೆ: ಎಪಿ ಹಿಸ್ಟರಿಯಲ್ಲಿ 3 ಬಂದರೆ ಎಲ್ಲೆಡೆ ಕ್ರೆಡಿಟ್ ಸಿಗುವುದಿಲ್ಲ

ಅಮೆರಿಕದಲ್ಲಿರುವ ಪೋಷಕರ ನಡುವೆ ಎರಡು ಮಾತು ಓಡಾಡುತ್ತಿವೆ. ಒಂದು: ಎಪಿ (ಹೈಸ್ಕೂಲ್‌ನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಯು.ಎಸ್. ಹಿಸ್ಟರಿಯ ಪರೀಕ್ಷೆಯಲ್ಲಿ 5ಕ್ಕೆ 3 ಬಂದರೆ ಯಾವ ಕಾಲೇಜಾದರೂ ಕ್ರೆಡಿಟ್ ಕೊಡುತ್ತದೆ, ಅಂದರೆ ಅದನ್ನು ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಇನ್ನೊಂದು: ಎಪಿ ಅಲ್ಲದ ಮಾಮೂಲಿ ಕೋರ್ಸ್ ಓದಿದರೆ ಹೈಸ್ಕೂಲ್ ಡಿಪ್ಲೊಮಾಗೇ ಸಾಲದು. ಎರಡೂ ತಪ್ಪು.

ಕ್ಯಾಲಿಫೋರ್ನಿಯಾದಲ್ಲಿ ಡಿಪ್ಲೊಮಾಗೆ ಬೇಕಿರುವುದು ಒಂದು ವರ್ಷದ ಅಮೆರಿಕನ್ ಇತಿಹಾಸ. ಅದಕ್ಕೆ ಮಾಮೂಲಿ ಕೋರ್ಸೇ ಸಾಕು. ಕ್ರೆಡಿಟ್ ಕೊಡುವುದು ಬಿಡುವುದು ಆಯಾ ಕಾಲೇಜಿಗೆ ಬಿಟ್ಟದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 3ಕ್ಕೂ ಕ್ರೆಡಿಟ್ ಕೊಡುತ್ತದೆ, ಹಲವು ಖಾಸಗಿ ಕಾಲೇಜುಗಳು 4 ಅಥವಾ 5 ಕೇಳುತ್ತವೆ, ಕ್ಯಾಲ್‌ಟೆಕ್ ಏನೂ ಕೊಡುವುದಿಲ್ಲ.

ಎಪಿಯೋ ಮಾಮೂಲಿ ಕೋರ್ಸೋ ಎಂಬ ಆಯ್ಕೆಗೆ ಮುಂಚೆ ನೋಡಬೇಕಾದ್ದು ಮಗುವಿನ ಬರವಣಿಗೆಯನ್ನು. ಇಸವಿ ಬಾಯಿಪಾಠ ಮಾಡಿದವರು ಎಡವುವುದು ಎಪಿ ಪರೀಕ್ಷೆಯ ದಾಖಲೆ ಆಧಾರಿತ ಪ್ರಬಂಧದಲ್ಲಿ: 7 ದಾಖಲೆ, 60 ನಿಮಿಷ, ಒಟ್ಟು ಅಂಕದ ಶೇ. 25. ದಾಖಲೆಗಳ ಸಾರಾಂಶ ಬರೆದರೆ ಪೂರ್ತಿ ಅಂಕ ಬರದು. ಕನಿಷ್ಠ 4 ದಾಖಲೆಗಳು ವಾದಕ್ಕೆ ಆಧಾರವಾಗಿರಬೇಕು, ಹೊರಗಿನ ಒಂದು ಪುರಾವೆಯೂ ಬೇಕು. ಎರಡು ದಾಖಲೆಗಳನ್ನಾದರೂ ಯಾರು, ಯಾರಿಗಾಗಿ, ಯಾವ ಉದ್ದೇಶಕ್ಕೆ ಬರೆದರು ಎಂಬುದು ವಾದಕ್ಕೆ ಹೇಗೆ ಮುಖ್ಯ ಅಂತ ವಿವರಿಸಬೇಕು. ವಾರಕ್ಕೆ ಒಂದು ಪ್ರಬಂಧ ಬರೆಯಲು ಪುರುಸೊತ್ತಿಲ್ಲದಿದ್ದರೆ ಮಾಮೂಲಿ ಕೋರ್ಸೇ ವಾಸಿ.

ಡ್ಯುಯಲ್ ಎನ್‌ರೋಲ್‌ಮೆಂಟ್ (ಹೈಸ್ಕೂಲ್‌ನಲ್ಲಿರುವಾಗಲೇ ಕಾಲೇಜಿನ ಕೋರ್ಸ್ ಓದುವುದು) ಸುಲಭ ದಾರಿ ಎನ್ನುವವರಿಗೆ ಒಂದು ಮಾತು: ಅಲ್ಲಿ ಬಂದ ಗ್ರೇಡ್ ಕಾಲೇಜಿನ ಅಂಕಪಟ್ಟಿ ಅಂದರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಯಂ.