ಸುಡುತ್ತಿರುವ ಊರಿಗೆ ಹಲ್ಲೆಲೂಯ ಹೇಳಬೇಡಿ

ನಿನ್ನೆ ಸಂಜೆ ಉಜ್ಜೀವನ ಕೂಟದಿಂದ, ಅಂದರೆ ನಂಬಿಕೆಯನ್ನು ಮತ್ತೆ ಹುರಿದುಂಬಿಸಲು ನಡೆಸುವ ಕ್ರೈಸ್ತರ ಪ್ರಾರ್ಥನಾ ಕೂಟದಿಂದ, ನಡುವೆಯೇ ಎದ್ದು ಬಂದೆ. ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್. "ಯಾಕ್ ಹೋದ್ರಿ, ಆರಾಮ ಇದ್ದೀರಲ್ಲ?" ಆರಾಮ ಇದ್ದೇನೆ. ಸಿಟ್ಟು ಬಂತು, ಎದ್ದು ಬಂದೆ. ಒಬ್ಬೊಬ್ಬರಿಗೂ ಹೇಳುತ್ತ ಕೂರುವ ಬದಲು ಇಲ್ಲೇ ಬರೆಯುತ್ತೇನೆ. ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಡೆದದ್ದು ಇಷ್ಟು. ಬಾಗಲಕೋಟೆಯ ನಮ್ಮ ನವನಗರದ ಒಂದು ಹಾಲ್. ಹೊರಗಿನಿಂದ ಬಂದ ಪ್ರಸಂಗಿಗಳು. ಪರದೆಯ ಮೇಲೆ ಪಶ್ಚಿಮ ಏಷ್ಯಾದ ನಕ್ಷೆ, ಅದರ ತುಂಬ ಕೆಂಪು ಬಾಣಗಳು. ಲೆಬನಾನ್ ಇರುವ ಜಾಗದಲ್ಲಿ ಹೆಸರೇ ಇರಲಿಲ್ಲ, ಬರೀ ಬಾಣ ಇತ್ತು. ಇಷ್ಟು ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಿದವಳು ನಾನು, ನಕ್ಷೆಯಲ್ಲಿ ಒಂದು ದೇಶ ಕಾಣೆಯಾದರೆ ಸುಮ್ನೆ ಕೂರಲು ಆಗುವುದಿಲ್ಲ. ಆದರೂ ಕೂತೆ. ನಕ್ಷೆಯಾದ ಮೇಲೆ ಫೋಟೋ ಬಂತು. ಬಾಂಬಿಗೆ ಉರುಳಿದ ಮನೆಗಳು, ಹೊಗೆ, ಬೆಂಕಿ. "ಕಡೇ ದಿನಗಳ ಗುರುತು ಇದು! ಕರ್ತನ ಬರೋಣ ಬಾಗಿಲಲ್ಲೇ ಇದೆ!" ಅಂದರು, ಯೇಸು ಮತ್ತೆ ಬರುವ ದಿನ ಹತ್ತಿರವಾಯಿತು ಅಂತ. ಜನ ಚಪ್ಪಾಳೆ ಹೊಡೆದರು. ಹಲ್ಲೆಲೂಯ ಅಂದರು.

ಆ ಫೋಟೋದ ಎಡಮೂಲೆಯಲ್ಲಿ ಒಬ್ಬ ಹೆಂಗಸು ಇದ್ದಳು. ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಸುತ್ತಿದ ಹಾಸಿಗೆ. ಪ್ರಸಂಗಿಗಳ ಕೈಯಲ್ಲಿದ್ದ ಲೇಸರಿನ ಕೆಂಪು ಚುಕ್ಕೆ ಅವಳ ಮುಖದ ಮೇಲೆ ಹಾದು ಹೊಗೆಯ ಕಡೆ ಹೋಯಿತು. ಅವಳ ಬಗ್ಗೆ ಒಂದು ಮಾತು ಬರಲಿಲ್ಲ. ಕೊನೆಯ ಪ್ರಾರ್ಥನೆಯಲ್ಲೂ ಅವಳಂಥವರ ಹೆಸರು ಬರಲಿಲ್ಲ ಅಂತ ಉಳಿದವರು ಹೇಳಿದರು. ಕೂಟದ ಖರ್ಚಿಗೆ ಕಾಣಿಕೆ ಮಾತ್ರ ಎತ್ತಿದರಂತೆ.

ನನಗೆ ತಡೆಯಲಾಗದ್ದು ಅದೇ. ಒಬ್ಬಳ ಮನೆ ಬಿದ್ದಿದೆ. ನಾವು ಅದಕ್ಕೆ ಚಪ್ಪಾಳೆ ಹೊಡೆದಿದ್ದೇವೆ.

"ಯುದ್ಧಗಳ ಸುದ್ದಿ ಕೇಳುವಿರಿ ಅಂತ ಯೇಸುವೇ ಹೇಳಿದ್ದಾನಲ್ಲ, ಪ್ರಸಂಗಿಗಳು ಏನು ತಪ್ಪು ಹೇಳಿದರು?" ಅಂತ ಒಬ್ಬ ಹಿರಿಯರು ಕೇಳಿದರು. ಹೌದು, ಬೈಬಲಿನ ಮತ್ತಾಯನ ಸುವಾರ್ತೆ 24ನೇ ಅಧ್ಯಾಯದಲ್ಲಿದೆ. ಆದರೆ ಕಳವಳ ಪಡಬೇಡಿ, ಇದು ಇನ್ನೂ ಅಂತ್ಯವಲ್ಲ ಅಂತ ಅದೇ ವಚನದಲ್ಲಿದೆ. ಆ ದಿನ ಯಾರಿಗೂ ಗೊತ್ತಿಲ್ಲ ಅಂತ ಅದೇ ಅಧ್ಯಾಯದಲ್ಲಿದೆ. ಇನ್ನೂ ಒಂದು ಮಾತಿದೆ, ಅದನ್ನು ಈ ಕೂಟಗಳಲ್ಲಿ ಯಾರೂ ಓದಿದ್ದು ನಾನು ಕೇಳಿಲ್ಲ. ಆ ದಿನಗಳಲ್ಲಿ ಬಸುರಿಯರ ಗತಿ ಏನು, ಮೊಲೆ ಕುಡಿಸುವ ತಾಯಂದಿರ ಗತಿ ಏನು ಅಂತ ಯೇಸು ಮರುಗುತ್ತಾನೆ. ನೀವು ಓಡಿಹೋಗುವ ಕಾಲ ಚಳಿಗಾಲ ಆಗದಿರಲಿ ಅಂತ ಬೇಡಿಕೊಳ್ಳಿ ಅನ್ನುತ್ತಾನೆ. ನೋಡಿ, ಅವನ ಕಣ್ಣಿಗೆ ಮೊದಲು ಬಿದ್ದವಳು ಅವಳೇ. ಕೂಸು ಎತ್ತಿಕೊಂಡು ಚಳಿಯಲ್ಲಿ ಓಡುವವಳು. ನಮ್ಮ ಕಣ್ಣಿಗೆ ಬಿದ್ದದ್ದು ಹೊಗೆ.

ಮುಂದಿನ ಪುಟ ತಿರುವಿದರೆ 25ನೇ ಅಧ್ಯಾಯ. ಅಲ್ಲಿ ನ್ಯಾಯತೀರ್ಪಿನ ದಿನ ಕೇಳುವ ಪ್ರಶ್ನೆ ಯಾವುದು? ಹಸಿದವನಿಗೆ ಊಟ ಕೊಟ್ಟಿರಾ, ಊರು ಬಿಟ್ಟು ಬಂದವನನ್ನು ಸೇರಿಸಿಕೊಂಡಿರಾ ಅಂತ. ಗುರುತುಗಳ ಲೆಕ್ಕವನ್ನು ಅಲ್ಲಿ ಯಾರೂ ಕೇಳುವುದಿಲ್ಲ. 24ನ್ನು ಬಾಯಿಪಾಠ ಮಾಡಿಸಿ 25ಕ್ಕೆ ಬರುವಷ್ಟರಲ್ಲಿ ಕೂಟ ಮುಗಿಸುವುದು ಯಾವ ಸುವಾರ್ತೆ?

ಇನ್ನೊಂದು ಮಾತು ನನ್ನನ್ನು ಚುಚ್ಚಿತು. ಗಾಜಾದ ಕಡೆ ಬಾಣ ತೋರಿಸಿ, ಅಲ್ಲಿರುವವರೆಲ್ಲ ದೇವರ ವೈರಿಗಳು ಅಂದರು. ಎಲ್ಲರೂ! ಗಾಜಾದಲ್ಲಿ ಯುದ್ಧಕ್ಕೆ ಮೊದಲು ಸುಮಾರು ಸಾವಿರ ಕ್ರೈಸ್ತರಿದ್ದರು. ಅವರು ಗುಡಿಸಿ, ಮೇಣದ ಬತ್ತಿ ಹಚ್ಚಿ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿದ ಚರ್ಚುಗಳಿವೆ. ಅದರಲ್ಲೊಂದು ಸಂತ ಪೊರ್ಫಿರಿಯಸ್ ಹೆಸರಿನ ಗ್ರೀಕ್ ಆರ್ಥೊಡಾಕ್ಸ್ ಚರ್ಚ್. 2023ರ ಅಕ್ಟೋಬರ್ 19ರಂದು ಅದರ ಆವರಣಕ್ಕೆ ಬಾಂಬ್ ಬಿದ್ದು, ಆಶ್ರಯ ಪಡೆದಿದ್ದವರಲ್ಲಿ 15ಕ್ಕೂ ಹೆಚ್ಚು ಜನ ಸತ್ತರು. ಇನ್ನೊಂದು ಹೋಲಿ ಫ್ಯಾಮಿಲಿ, ಇಡೀ ಗಾಜಾದಲ್ಲಿರುವ ಒಂದೇ ಕಥೋಲಿಕ ಚರ್ಚ್. ಅಲ್ಲಿಗೆ ಪೋಪ್ ಫ್ರಾನ್ಸಿಸ್ ಹೆಚ್ಚುಕಡಿಮೆ ಪ್ರತಿ ಸಂಜೆ ಫೋನ್ ಮಾಡುತ್ತಿದ್ದರು. 2025ರ ಏಪ್ರಿಲ್‌ನಲ್ಲಿ ತೀರಿಕೊಂಡರಲ್ಲ, ಆ ಕೊನೆಯ ದಿನಗಳವರೆಗೂ ಮಾಡಿದರು. ಅದೇ ವರ್ಷ ಜುಲೈ 17ರಂದು ಆ ಚರ್ಚಿಗೂ ಏಟು ಬಿತ್ತು. ಮೂವರು ಸತ್ತರು, ಅಲ್ಲಿನ ಪಾದ್ರಿ ಫಾದರ್ ರೊಮಾನೆಲ್ಲಿ ಅವರ ಕಾಲಿಗೆ ಗಾಯವಾಯಿತು. ಆಗಸ್ಟಿನಲ್ಲಿ ಗಾಜಾ ನಗರ ಖಾಲಿ ಮಾಡಿ ಅಂತ ಇಸ್ರೇಲ್ ಹೇಳಿದಾಗ, ಅಲ್ಲಿನ ಪಾದ್ರಿಗಳು ಮತ್ತು ಸಿಸ್ಟರುಗಳು ಉಳಿಯುತ್ತೇವೆ ಅಂದರು. ಒಳಗೆ ನಡೆಯಲಾಗದ ಮುದುಕರಿದ್ದರು, ಅಂಗವಿಕಲ ಮಕ್ಕಳಿದ್ದರು. ಬಿಟ್ಟು ಹೋಗುವುದು ಹೇಗೆ?

ಇದನ್ನು ಬರೆದರೆ ನಾನು ಒಂದು ಪಕ್ಷ ಹಿಡಿದೆ ಅನ್ನುವವರು ಇದ್ದೀರಿ. 2023ರ ಅಕ್ಟೋಬರ್ 7ರಂದು ಹಮಾಸ್‌ನವರು ಗಾಜಾದಿಂದ ನುಗ್ಗಿ ಇಸ್ರೇಲಿನಲ್ಲಿ ಸುಮಾರು 1,200 ಜನರನ್ನು ಕೊಂದರು, 250ರಷ್ಟು ಜನರನ್ನು ಒತ್ತೆಗೆ ಎಳೆದುಕೊಂಡು ಹೋದರು. ಆ ತಾಯಂದಿರಿಗಾಗಿಯೂ ಅತ್ತಿದ್ದೇನೆ. ಅತ್ತವರಿಗೆ ಎರಡೂ ಕಡೆ ಮನುಷ್ಯರೇ ಕಾಣುತ್ತಾರೆ. ಬಾಣ ಬರೆಯುವವರಿಗೆ ಯಾವ ಕಡೆಯೂ ಕಾಣುವುದಿಲ್ಲ.

ಈಗ ಆ ಹೆಸರಿಲ್ಲದ ಲೆಬನಾನಿನ ಮಾತು. ನಿಮ್ಮಲ್ಲಿ ಎಷ್ಟು ಜನರಿಗೆ ಈ ಕಥೆ ಗೊತ್ತೋ ಕಾಣೆ, ನನಗಂತೂ ನಂಬಿಕೆ ಅಂದರೆ ಇದೇ. ಲೆಬನಾನಿನಲ್ಲಿ 1975ರಿಂದ 1990ರವರೆಗೆ ಅಂತರ್ಯುದ್ಧ. 1976ರಲ್ಲಿ ಸಿರಿಯಾದ ಸೈನ್ಯ ಒಳಗೆ ಬಂತು. ಹೋದದ್ದು 2005ರಲ್ಲಿ. ಬೆಕಾ ಕಣಿವೆಯಲ್ಲಿ ಜಾಹ್ಲೆ ಅಂತ ಕ್ರೈಸ್ತರೇ ಹೆಚ್ಚಿರುವ ಊರು. 1981ರಲ್ಲಿ ಸಿರಿಯಾದ ಸೈನ್ಯ ಅದನ್ನು ಸುತ್ತುವರಿದು ತಿಂಗಳುಗಟ್ಟಲೆ ಗುಂಡು ಸುರಿಸಿತು. ಆ ಊರಲ್ಲಿ ಐವತ್ತು ದಾಟಿದವರಿಗೆಲ್ಲ ಅದು ನೆನಪಿದೆ.

2011ರಲ್ಲಿ ಸಿರಿಯಾದಲ್ಲೇ ಬೆಂಕಿ ಹತ್ತಿತು. ಜನ ಗಡಿ ದಾಟಿ ಅದೇ ಬೆಕಾ ಕಣಿವೆಗೆ ಬಂದರು. 2014ರ ಏಪ್ರಿಲ್ ಹೊತ್ತಿಗೆ ವಿಶ್ವಸಂಸ್ಥೆಯ ಪುಸ್ತಕದಲ್ಲಿ ಹೆಸರು ಬರೆಸಿದ ಸಿರಿಯನ್ ನಿರಾಶ್ರಿತರೇ ಹತ್ತು ಲಕ್ಷ. ಲೆಬನಾನಿನ ಸ್ವಂತ ಜನಸಂಖ್ಯೆ ಆಗ ನಲವತ್ತು ಲಕ್ಷದ ಆಸುಪಾಸು. ಆಲೂಗಡ್ಡೆ ಹೊಲಗಳ ನಡುವೆ ತಾಡಪತ್ರಿಯ ಡೇರೆಗಳು ಎದ್ದವು. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ.

ಸ್ವಲ್ಪ ನಿಂತು ಯೋಚಿಸಿ. ನಿಮ್ಮ ಅಣ್ಣನನ್ನು ಕೊಂದ ಸೈನ್ಯದ ದೇಶದಿಂದ ಬಂದ ಹೆಂಗಸು ನಿಮ್ಮ ಚರ್ಚಿನ ಬಾಗಿಲಲ್ಲಿ ನಿಂತು ಕಂಬಳಿ ಕೇಳುತ್ತಾಳೆ. ನೀವು ಏನು ಮಾಡುತ್ತೀರಿ? ಬೆಕಾದ ಎಷ್ಟೋ ಸಣ್ಣ ಸಭೆಗಳು ಬಾಗಿಲು ತೆಗೆದವು. ಸುಲಭವಾಗಿ ತೆಗೆಯಲಿಲ್ಲ. ಇವರಿಗೆ ಯಾಕೆ ಕೊಡಬೇಕು ಅಂತ ಸಭೆಯೊಳಗೇ ಜಗಳವಾಯಿತು, ಕೆಲವರು ಚರ್ಚು ಬಿಟ್ಟೂ ಹೋದರು. ಉಳಿದವರು ಅಕ್ಕಿ, ಎಣ್ಣೆ, ಕಂಬಳಿ ಹಂಚಿದರು. ಶಾಲೆ ತಪ್ಪಿದ ಸಿರಿಯನ್ ಮಕ್ಕಳಿಗೆ ಅಕ್ಷರ ಕಲಿಸಲು ಕೂತರು. ಆ ಮಕ್ಕಳಲ್ಲಿ ಹೆಚ್ಚಿನವರು ಮುಸ್ಲಿಮರು. ವೈರಿಯನ್ನು ಪ್ರೀತಿಸು ಅನ್ನುವುದನ್ನು ನಾವು ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಒಪ್ಪಿಸಿ ಬಹುಮಾನ ತೆಗೆದುಕೊಂಡಿದ್ದೇವೆ. ಅವರು ಅದನ್ನು ಹಿಮದಲ್ಲಿ ನಿಂತು ಮಾಡಿದರು. ಆಮೇಲೆ ಅವರ ದೇಶದ ಬ್ಯಾಂಕುಗಳು ಮುಳುಗಿದವು, 2020ರ ಆಗಸ್ಟ್ 4ರಂದು ಬೈರೂತ್ ಬಂದರು ಸಿಡಿಯಿತು, 2024ರ ಇಸ್ರೇಲ್-ಹಿಜ್ಬುಲ್ಲಾ ಯುದ್ಧದಲ್ಲಿ ಲೆಬನಾನಿನವರೇ ಹತ್ತು ಲಕ್ಷದಷ್ಟು ಜನ ಮನೆ ಬಿಟ್ಟು ಓಡಿದರು. ಇಷ್ಟೆಲ್ಲ ಆದ ದೇಶ ನಿನ್ನೆಯ ನಕ್ಷೆಯಲ್ಲಿ ಒಂದು ಬಾಣ!

ನನಗೆ ಇಷ್ಟು ಸಿಟ್ಟು ಯಾಕೆ ಬಂತು ಅಂತ ರಾತ್ರಿಯೆಲ್ಲ ಯೋಚಿಸಿದೆ. ನಿಮಗೆ ಗೊತ್ತು, ಅವ್ವನ ತವರು ಹಳೇ ಬಾಗಲಕೋಟೆ. ನಾವು ಮುಳುಗಡೆ ಮಂದಿ. ಆಲಮಟ್ಟಿಯ ಹಿನ್ನೀರು ಬಂದಾಗ ಅಜ್ಜ ಬಾಗಿಲು, ತೊಲೆ ಕಿತ್ತು ಟ್ರ್ಯಾಕ್ಟರಿಗೆ ಹೇರಿಸಿದ್ದನ್ನು ನಾನು ನೋಡಿದ್ದೇನೆ. ಅಜ್ಜಿ ಒಲೆಯ ಕಲ್ಲೂ ಬೇಕು ಅಂತ ಹಟ ಹಿಡಿದಳು. ನಮ್ಮ ಮೇಲೆ ಯಾರೂ ಗುಂಡು ಹಾರಿಸಲಿಲ್ಲ. ನೋಟಿಸು ಬಂತು, ಸೈಟು ಸಿಕ್ಕಿತು, ಪರಿಹಾರದ ದುಡ್ಡು ತಡವಾಗಿಯಾದರೂ ಬಂತು. ಆದರೂ ಅಜ್ಜಿ ನವನಗರದ ಮನೆಯಲ್ಲಿ ಕೊನೆಯವರೆಗೂ "ನಮ್ಮೂರಿಗೆ ಹೋಗೋಣ" ಅನ್ನುತ್ತಲೇ ಇದ್ದಳು. ಈಗ ಅಣೆಕಟ್ಟಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತಿದೆ, ಮತ್ತಷ್ಟು ಊರುಗಳ ಜನ ಅದೇ ಭಯದಲ್ಲಿದ್ದಾರೆ. ನಿನ್ನೆ ಆ ಹಾಲಿನಲ್ಲಿ ಕೂತವರಲ್ಲಿ ಅರ್ಧದಷ್ಟು ಜನ ಮುಳುಗಡೆ ಮನೆತನದವರು. ಅವರೇ ಚಪ್ಪಾಳೆ ಹೊಡೆದರಲ್ಲ, ಅದು ನನಗೆ ತಡೆಯಲಾಗಲಿಲ್ಲ. ಅಜ್ಜನ ಮನೆಗೆ ನೀರು ನುಗ್ಗಿದ ಫೋಟೋ ಹಾಕಿ ಯಾರಾದರೂ ಸ್ತೋತ್ರ ಹೇಳಿದ್ದರೆ?

ಇನ್ನೊಂದು ವಾದ ಬರುತ್ತದೆ. "ಅದೆಲ್ಲ ದೂರದ್ದು. ನಮ್ಮ ಕಷ್ಟವೇ ನಮಗೆ ಹಾಸಿ ಹೊದೆಯುವಷ್ಟಿದೆ. ಬಾಗಲಕೋಟೆಯಲ್ಲಿ ಕೂತು ನಾವೇನು ಮಾಡಲಿಕ್ಕೆ ಆಗುತ್ತದೆ?" ಈ ಮಾತು ಆಡುವವರು 2019ರ ಆಗಸ್ಟ್ ಮರೆತಿದ್ದಾರೆ. ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತಿತ್ತು. ಬಾದಾಮಿ ತಾಲ್ಲೂಕಿನ ಮಂದಿ ಶಾಲೆಗಳಲ್ಲಿ ಮಲಗಿದ್ದರು. ಎಲ್ಲೆಲ್ಲಿಂದಲೋ ಲಾರಿಗಳಲ್ಲಿ ರೊಟ್ಟಿ ಬಂತು, ಸೀರೆ ಬಂತು. ಕಳಿಸಿದವರು ನಮ್ಮ ಮುಖ ನೋಡಿದವರಲ್ಲ. ದೂರದ್ದು ಅಂತ ಅವರೂ ಸುಮ್ಮನಿರಬಹುದಿತ್ತು, ಅಲ್ವಾ?

ದೂರದ ಯುದ್ಧ ನಮಗೆ ಸಂಬಂಧವಿಲ್ಲ ಅನ್ನುವ ಮಾತೂ ಸುಳ್ಳು. ಗುಳೇದಗುಡ್ಡಕ್ಕೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಬಂದದ್ದು 1851ರಲ್ಲಿ. ನನ್ನ ಅಪ್ಪನ ಕಡೆಯ ನೇಕಾರ ಹಿರಿಯರು ಅಲ್ಲೇ ಓದು ಕಲಿತರು. 1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರು ಆ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಹಿಡಿದು ಬಂಧನದಲ್ಲಿಟ್ಟರು, ಆಮೇಲೆ ದೇಶದಿಂದಲೇ ಹೊರಗೆ ಕಳಿಸಿದರು. ನಮ್ಮ ಸಭೆಗಳೂ ಒಂದು ಯುದ್ಧದಲ್ಲಿ ದಿಕ್ಕಿಲ್ಲದೆ ನಿಂತಿದ್ದವು.

ಯೆಮನ್ ದೇಶದ ಏಡನ್ ನಗರದ ವಿಷಯ ನೆನಪಿದೆಯಾ? 2015ರಲ್ಲಿ ಯೆಮನ್ ಯುದ್ಧ ಜೋರಾದಾಗ ಭಾರತ ಸರ್ಕಾರ ಆಪರೇಷನ್ ರಾಹತ್ ಅಂತ ಹಡಗು, ವಿಮಾನ ಕಳಿಸಿ ನಮ್ಮ ಜನರನ್ನು ಕರೆತಂದಿತು. ಮದರ್ ತೆರೇಸಾ ಅವರ ಸಿಸ್ಟರುಗಳು ಬರಲಿಲ್ಲ, ಅಲ್ಲಿನ ವೃದ್ಧಾಶ್ರಮದ ಮುದುಕರನ್ನು ಬಿಟ್ಟು ಬರಲಿಲ್ಲ. 2016ರ ಮಾರ್ಚ್ 4ರಂದು ಬಂದೂಕುಧಾರಿಗಳು ನುಗ್ಗಿ 16 ಜನರನ್ನು ಕೊಂದರು. ಅದರಲ್ಲಿ ನಾಲ್ವರು ಸಿಸ್ಟರುಗಳು. ಫಾದರ್ ಟಾಮ್ ಉಳುನ್ನಾಲಿಲ್ ಅವರನ್ನು ಎತ್ತಿಕೊಂಡು ಹೋದರು. ಅವರು ಕೇರಳದವರಾದರೂ ಸೇರಿದ್ದು ಸಲೇಷಿಯನ್ ಅನ್ನುವ ಕಥೋಲಿಕ ಪಾದ್ರಿಗಳ ಸಂಘದ ಬೆಂಗಳೂರು ಪ್ರಾಂತ್ಯಕ್ಕೆ. 2017ರ ಸೆಪ್ಟೆಂಬರ್ 12ರಂದು ಬಿಡುಗಡೆಯಾದಾಗ ಅವರು ಎಷ್ಟು ಸೊರಗಿದ್ದರು ಅಂತ ಟಿವಿಯಲ್ಲಿ ನೋಡಿದವರಿಗೆ ಗೊತ್ತು. ಸಾಕ್ಷಿ ಅಂತ ನಾವು ವೇದಿಕೆ ಮೇಲೆ ಹೇಳುತ್ತೇವಲ್ಲ, ಅದನ್ನು ಆ ಸಿಸ್ಟರುಗಳು ಬಿಟ್ಟುಬರದೆ ಕೊಟ್ಟರು.

ಹೋಗಲಿ, ಕಡಲಾಚೆ ಬೇಡ. ನಮ್ಮ ದೇಶದ ಮಿಜೋರಾಂ ನೋಡಿ. 2021ರ ಫೆಬ್ರವರಿ 1ರಂದು ಮ್ಯಾನ್ಮಾರಿನಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಅಲ್ಲಿನ ಚಿನ್ ಬುಡಕಟ್ಟಿನ ಜನ ಗಡಿಯ ತಿಯಾವು ನದಿ ದಾಟಿ ಬಂದರು, ಮೂವತ್ತು ಸಾವಿರಕ್ಕೂ ಜಾಸ್ತಿ. ಒಳಗೆ ಬಿಡಬೇಡಿ ಅಂತ ಕೇಂದ್ರದಿಂದ ಪತ್ರ ಹೋಯಿತು. ಇವರು ನಮ್ಮ ರಕ್ತಸಂಬಂಧಿಗಳು, ಕೈಬಿಡಲು ಆಗುವುದಿಲ್ಲ ಅಂತ ಆಗಿನ ಮುಖ್ಯಮಂತ್ರಿ ಜೋರಮ್‌ಥಂಗಾ ಪ್ರಧಾನಿಗೆ ಬರೆದರು. ಹನ್ನೊಂದು-ಹನ್ನೆರಡು ಲಕ್ಷ ಜನರ ರಾಜ್ಯ ಅದು, ಶ್ರೀಮಂತ ರಾಜ್ಯವೂ ಅಲ್ಲ. ಚರ್ಚುಗಳು, ಯಂಗ್ ಮಿಜೋ ಅಸೋಸಿಯೇಷನ್ನಿನ ಹುಡುಗರು ಅಕ್ಕಿ, ಬಟ್ಟೆ, ಬಿದಿರು ಹೊತ್ತು ತಂದರು. 2023ರ ಮೇ ತಿಂಗಳಲ್ಲಿ ಮಣಿಪುರ ಹೊತ್ತಿಕೊಂಡಾಗ ಅಲ್ಲಿಂದಲೂ ಸಾವಿರಾರು ಜನ ಬಂದರು. ಅವರಿಗೂ ಜಾಗ ಮಾಡಿದರು.

ಅವರಿಗೆ ಆ ಗುಣ ಸುಮ್ನೆ ಬಂದದ್ದಲ್ಲ. 1966ರ ಮಾರ್ಚಿನಲ್ಲಿ ಮಿಜೋ ಬಂಡಾಯ ಅಡಗಿಸಲು ಅವರ ಐಜಾಲ್ ಪಟ್ಟಣದ ಮೇಲೆ ನಮ್ಮ ದೇಶದ ವಿಮಾನಗಳೇ ಬಾಂಬ್ ಹಾಕಿದವು. ಜನ ಕಾಡಿಗೆ ಓಡಿದರು, ಗಡಿ ದಾಟಿದರು. ಅದು ಒಂದು. ಇನ್ನೊಂದು, ಅಲ್ಲಿನ ಹೆಂಗಸರ ರೂಢಿ. 1910ರಿಂದ ಬಂದದ್ದು. ಅಡುಗೆಗೆ ಕೂತಾಗಲೆಲ್ಲ ಅಕ್ಕಿ ಅಳೆದು, ಅದರಿಂದ ಒಂದು ಹಿಡಿ ತೆಗೆದು ಬೇರೆ ಇಡುತ್ತಾರೆ. ಅದು ಚರ್ಚಿಗೆ, ಸೇವೆಗೆ. ನೂರು ವರ್ಷ ದಿನಕ್ಕೆರಡು ಸಲ ಹಿಡಿ ಅಕ್ಕಿ ತೆಗೆದಿಟ್ಟ ಕೈಗಳಿಗೆ ಹಂಚಿ ಉಣ್ಣುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಲಿಲ್ಲ.

"ನಾವು ಇಲ್ಲಿ ನಾಲ್ಕು ಮಂದಿ, ನಿರಾಶ್ರಿತರು ಗಿರಾಶ್ರಿತರು ಅಂತ ಮಾತಾಡಿದರೆ ಸುಮ್ನೆ ತೊಂದರೆ" ಅಂತಲೂ ಒಬ್ಬರು ಪಿಸುಗುಟ್ಟಿದರು. ಆ ಭಯ ನನಗೂ ಇದೆ. ಮೈಕಿನಲ್ಲಿ ಪ್ರಪಂಚ ಮುಗಿಯಿತು ಅಂತ ಕೂಗಲು ಇಲ್ಲದ ಭಯ, ಹಸಿದವರಿಗೆ ಅನ್ನ ಬೇಕು ಅನ್ನಲು ಯಾಕೆ? ನಿಜ ಹೇಳಬೇಕೆಂದರೆ, ಈಚೆಗೆ ನನಗೆ ಗಟ್ಟಿಯಾಗಿ ಪ್ರಾರ್ಥನೆ ಮಾಡಲು ಬರುತ್ತಿಲ್ಲ. ಬಾಯಿ ತೆರೆದರೆ ಆ ಸುದ್ದಿಗಳ ಮಕ್ಕಳು ಕಾಣುತ್ತಾರೆ, ಮಾತು ನಿಂತುಹೋಗುತ್ತದೆ. ದೇವರ ಮೇಲೂ ಸಿಟ್ಟು ಮಾಡಿಕೊಂಡಿದ್ದೇನೆ. ಆದರೂ ಭಾನುವಾರ ಹೋಗಿ ಕೂರುತ್ತೇನೆ, ಯಾರಾದರೂ ನನ್ನ ಪರವಾಗಿ ಅವರನ್ನು ನೆನೆಯಲಿ ಅಂತ. ಅದಕ್ಕೇ ನಿನ್ನೆ ಅಷ್ಟು ನೊಂದೆ.

ಶನಿವಾರ ಸಂಜೆ ಐದಕ್ಕೆ ನಮ್ಮ ಸಭೆಯ ಸಮಿತಿ ಕೂಡುತ್ತದೆ. ನಾನು ಹೋಗಿ ಕೇಳುತ್ತೇನೆ. ಪ್ರತಿ ಭಾನುವಾರದ ವಿಜ್ಞಾಪನೆಯಲ್ಲಿ ಒಂದು ಊರಿನ ಹೆಸರು ಹೇಳಿ, ಅಲ್ಲಿಂದ ಓಡಿದವರಿಗಾಗಿ ಪ್ರಾರ್ಥನೆ ಮಾಡಬೇಕು. ಮಣಿಪುರದ ಚುರಾಚಾಂದ್‌ಪುರ, ಇಂಫಾಲ್, ಆಮೇಲೆ ಗಾಜಾ, ಜಾಹ್ಲೆ, ಒಂದೊಂದು ವಾರ ಒಂದೊಂದು. ತಿಂಗಳಿಗೊಂದು ಭಾನುವಾರದ ಕಾಣಿಕೆ ಮಿಜೋರಾಂ, ಮಣಿಪುರದ ಶಿಬಿರಗಳಿಗೆ ಹೋಗಬೇಕು. ಹೆಂಗಸರ ಕೂಟದಲ್ಲಿ ಹಿಡಿ ಜೋಳ ಶುರು ಮಾಡಲು ಈಗಾಗಲೇ ಇಬ್ಬರು ಒಪ್ಪಿದ್ದಾರೆ, ಡಬ್ಬಿ ನಾನು ಕೊಡಿಸುತ್ತೇನೆ. ಮುಂದಿನ ಕೂಟಕ್ಕೆ ಯಾರನ್ನೇ ಕರೆಯಲಿ, 24ನೇ ಅಧ್ಯಾಯ ಓದಿದವರು 25ನ್ನೂ ಓದಲೇಬೇಕು ಅಂತ ಮೊದಲೇ ಹೇಳಿ ಕರೆಯಬೇಕು. ಸಮಿತಿಯಲ್ಲಿ ನನ್ನದು ಒಂದೇ ಧ್ವನಿ ಆದರೆ ಸಾಲದು. ಸದಸ್ಯರಲ್ಲದವರೂ ಬಂದು ಕೂರಬಹುದು ಅಂತ ಕಾರ್ಯದರ್ಶಿಗಳು ಹೇಳಿದ್ದಾರೆ, ನವನಗರದಲ್ಲಿರುವವರು ಬನ್ನಿ.